ಅಪ್ಪ ಉಂಡ ನೆರಳು

ವಾಕಿಂಗ್ ಎಂದು ಮನೆಯಲ್ಲಿ ಹೇಳಿ ಬರುತ್ತೇನೆ. ಪಾರ್ಕಿನಲ್ಲಿ ನಡೆಯುವುದಕ್ಕಿಂತ ಕೂರುವುದೇ ಹೆಚ್ಚು. ಇವತ್ತೂ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಯಾರೋ ಡಬ್ಬಿಯ ಮುಚ್ಚಳ ತೆಗೆದರು. ಮೆಂತ್ಯ ಹಾಕಿದ ಥಾಲಿಪೀಠ ರೊಟ್ಟಿಯ ವಾಸನೆ. ಅಷ್ಟು ಸಾಕಾಯಿತು ನೋಡಿ, ಅವ್ವ ನೆನಪಾದಳು.

ಪುಣೆಯ ಈ ದೊಡ್ಡ ಪಾರ್ಕು ಮೊದಲು ಮಿಲಿಟರಿ ಜಾಗ. ಎತ್ತರದ ಗೋಡೆ, ಮೇಲೆ ಮುಳ್ಳುತಂತಿ. ಧಾರವಾಡದ ಕಡೆಯಿಂದ ಬಂದ ಅಪ್ಪ ಒಳಗಿನ ಗೋದಾಮಿನಲ್ಲಿ ಗುಮಾಸ್ತರು. ಮನೆ ಹತ್ತಿರವೇ ಇದ್ದುದರಿಂದ ದಿನಾ ಮಧ್ಯಾಹ್ನ ಅವ್ವ ಬಿಸಿ ಊಟದ ಡಬ್ಬಿ ಹಿಡಿದು ಗೇಟಿನ ತನಕ ಬರುತ್ತಿದ್ದಳು. ರಜೆಯಿದ್ದರೆ ನಾನೂ ಅವಳ ಬಾಲ. ಗೇಟಿನಿಂದಾಚೆ ನಮ್ಮನ್ನು ಬಿಡುತ್ತಿರಲಿಲ್ಲ.

"ಒಳಗ ಎಲ್ಲಿ ಕೂತು ಉಣ್ತೀರಿ?" ಎಂದು ಅವ್ವ ಕೇಳುವಳು.

"ಭಾರಿ ನೇರಳೆ ಮರ ಅದ. ಅದರ ಬುಡಕ್ಕ. ತಂಪಂದ್ರ ತಂಪು," ಎನ್ನುವರು ಅಪ್ಪ.

ಒಮ್ಮೆ ಅವ್ವ ಹಣ್ಣು ಕೇಳಿದಳು. ಸಂಜೆ ಪೊಟ್ಟಣದ ತುಂಬ ನೇರಳೆ ಬಂತು. ಎಲ್ಲರ ನಾಲಿಗೆಯೂ ನೀಲಿ. ಅಂದಿನಿಂದ ಆ ಮರ ನಮ್ಮ ಮನೆಯದೇ ಆಯಿತು. ಗಾಳಿ ಜೋರಾದರೆ ಅವ್ವನಿಗೆ ಅದರ ಚಿಂತೆ.

ಅಪ್ಪ ತೀರಿಕೊಂಡ ಎಷ್ಟೋ ವರ್ಷದ ಮೇಲೆ ಈ ಜಾಗ ಪಾರ್ಕಾಯಿತು. ಅವ್ವನನ್ನು ಆಗ ನಾವಿದ್ದ ಕೋಥರೂಡದಿಂದ ರಿಕ್ಷಾದಲ್ಲಿ ಕರೆತಂದೆ. ತೆರೆದ ಗೇಟಿನ ಮುಂದೆ ಅವಳು ನಿಂತೇಬಿಟ್ಟಳು. ಕಾವಲಿನವನು "ಯಾ ಆಜಿ, ಯಾ" ಎಂದು ಮರಾಠಿಯಲ್ಲಿ ಕರೆದ ಮೇಲೆಯೇ ಹೆಜ್ಜೆ ಎತ್ತಿದ್ದು. ಒಳಗೆ ಹುಲ್ಲು, ಕಾರಂಜಿ, ಮೊಣಕಾಲೆತ್ತರದ ಸಸಿಗಳು. ನೇರಳೆ ಮರ ಮಾತ್ರ ಎಲ್ಲೂ ಇಲ್ಲ.

"ಕಡದುಬಿಟ್ಟಾರೇನೋ," ಎಂದಳು.

ಅಷ್ಟರಲ್ಲಿ ಅಪ್ಪನ ಜೊತೆ ಗೋದಾಮಿನಲ್ಲಿದ್ದ ಮರಾಠಿ ಕಾಕಾ ಒಬ್ಬರು ಕೋಲೂರಿಕೊಂಡು ಎದುರಾದರು. ಮರದ ಮಾತು ತೆಗೆದರೆ ನಕ್ಕರು. ಇಲ್ಲಿ ಮರವೆಲ್ಲಿತ್ತು, ಬರೀ ತಗಡಿನ ಶೆಡ್ಡು. ಬಿಸಿಲಲ್ಲೇ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿದ್ದೆವು, ಎಂದರು. ಹಾಗಾದರೆ ಹಣ್ಣು? ಅದಕ್ಕೆಂದೇ ನಿಮ್ಮಪ್ಪ ಅರ್ಧ ದಿನ ರಜೆ ಹಾಕಿ ಮಾರ್ಕೆಟ್ ಯಾರ್ಡಿಗೆ ಸೈಕಲ್ ತುಳಿದಿದ್ದ, ಎಂದರು.

ಅವ್ವ ಬೆಂಚಿನ ಮೇಲೆ ಕೂತಳು. ಅವಳಿಗೂ ನಗು ಬಂದೀತು ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ. ಸೆರಗಿನಿಂದ ಕಣ್ಣೊರೆಸಿಕೊಂಡು ಅಂದಳು:

"ಹೇಳಬೇಕಿತ್ತಲ್ಲ ಅವರು. ದಿನಾ ಬರಾಕಿ, ಬಿಸಿಲಿಗೆ ಒಂದು ಕೊಡೆ ತಂದುಕೊಡ್ತಿದ್ದಿಲ್ಲೇನು ನಾ?"

ಅವ್ವನೂ ಈಗಿಲ್ಲ. ಅಪ್ಪನ ಸುಳ್ಳನ್ನು ಪ್ರೀತಿ ಎಂದು ಬಹಳ ಕಾಲ ಕೊಂಡಾಡಿದವನು ನಾನು. ಕೊಡೆ ತರಲಾಗದೆ ಉಳಿದವಳ ಸಂಕಟ ತಿಳಿಯುವುದಕ್ಕೆ ನನಗೂ ವಯಸ್ಸಾಗಬೇಕಾಯಿತು.

ಇವತ್ತು ಏಳಹೋದರೆ ಮೊಣಕಾಲು ಮಾತು ಕೇಳಲಿಲ್ಲ. ಅದೇ ಹೊತ್ತಿಗೆ ಹೆಂಡತಿಯ ಫೋನು.

"ಕಾಲು ಹೆಂಗ ಅದ ರೀ?"

ದಿನಾ "ಏನೂ ಆಗಿಲ್ಲ" ಎನ್ನುವವನು ನಾನು.

"ಭಾಳ ನೋಯ್ತದ," ಅಂದೆ.

"ಅಲ್ಲೇ ಕೂಡ್ರಿ, ಬಂದೆ," ಅಂದಳು.