ಎಂಟು ಖಾಲಿ ಮನೆಗಳು

ಊರಿನ ವಾದ್ಯವೃಂದದವರು ಅವನನ್ನು ಚುಕ್ಕಿಸಾಹೇಬ ಎನ್ನುತ್ತಿದ್ದರು. ಬೇರೆಯವರು ಕಟ್ಟಿದ ಸ್ವರಗಳನ್ನು ಕಂಪ್ಯೂಟರಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೂರಿಸಿ ಪ್ರಿಂಟ್ ತೆಗೆದು ಕೊಡುವುದು ಅವನ ಕಸುಬು. ಹಾಳೆಯಲ್ಲಿ ಎಳ್ಳಷ್ಟು ಕಸ ಕಂಡರೂ ಆಸಾಮಿಗೆ ಊಟ ಸೇರದು.

ಆ ದಿನ ಮಧ್ಯಾಹ್ನ ಅಕ್ಕ ಬಂದು ಅವನು ಕೊಟ್ಟಿದ್ದ ಹಾಳೆಯನ್ನು ಮೇಜಿನ ಮೇಲೆ ಕುಕ್ಕಿದಳು. ಅವನ ಒಡಹುಟ್ಟಿದವಳಾದರೂ ವೃಂದಕ್ಕೆಲ್ಲ ಅವಳು ಅಕ್ಕನೇ. ಮೂವತ್ತು ವರ್ಷ ಹಿಂದಿನ ಸಾಲಿನಲ್ಲಿ ಕೂತು ಕ್ಲಾರಿನೆಟ್ ಊದಿದವಳಿಗೆ ಈ ಸಲ ಒಬ್ಬಳೇ ಊದುವ ಅವಕಾಶ ಕೊಡುವುದಾಗಿ ವೃಂದಕ್ಕೆ ಸ್ವರ ಕಟ್ಟುವ ಮೇಷ್ಟ್ರು ಹೇಳಿದ್ದರು. ಆದರೆ ಹಾಳೆಯಲ್ಲಿ ಆ ಭಾಗದ ಸ್ವರ ಕೂರಬೇಕಾದ, ಗೆರೆ ಕೊರೆದ ಎಂಟು ಮನೆಗಳೂ ಖಾಲಿ.

“ಸಂಜೆ ಐದಕ್ಕೆ ಪ್ರಾಕ್ಟೀಸು. ಬಾಯಲ್ಲಿ ಬೆರಳಿಟ್ಕೊಂಡು ಕೂರ್ಲಾ? ಮನಸ್ಸು ಬದಲಾಗಿದ್ರೆ ಮೇಷ್ಟ್ರು ನೇರವಾಗಿ ಹೇಳ್ಬೇಕಿತ್ತು,” ಎಂದಳು.

“ಮೇಷ್ಟ್ರದ್ದಲ್ಲಕ್ಕ, ಈ ಡಬ್ಬದ್ದೇ ಕಿತಾಪತಿ,” ಎಂದ ತಮ್ಮ.

ಮೇಷ್ಟ್ರು ತಮ್ಮ ಓಬೀರಾಯನ ಕಾಲದ ಸಾಫ್ಟ್‌ವೇರ್ ಬಿಡುವವರಲ್ಲ. ಅವರ ಫೈಲನ್ನು ಹೊಸದಕ್ಕೆ ಬದಲಾಯಿಸಿದಾಗಲೆಲ್ಲ ಏನಾದರೊಂದು ಎಡವಟ್ಟು. ಹೋದ ತಿಂಗಳು ಕೊಳಲಿನ ಸಾಲು ಡ್ರಮ್ಮಿನವನ ಪಾಲಾಗಿ, ಪುಣ್ಯಾತ್ಮ ಎರಡು ದಿನ ಅದನ್ನೇ ಬಡಿದಿದ್ದ. ಈಗ ಕೇಳೋಣವೆಂದರೆ ಮೇಷ್ಟ್ರು ವಿಮಾನದಲ್ಲಿ.

ತಮ್ಮ ಮೂರು ಬಗೆಯಲ್ಲಿ ಬದಲಾಯಿಸಿ ನೋಡಿದ. ಮನೆಗಳು ಖಾಲಿಯೋ ಖಾಲಿ. ಅವುಗಳ ನೆತ್ತಿಯ ಮೇಲೆ ಮಾತ್ರ ಪ್ರತಿ ಸಲವೂ ಒಂದು ಸಾಲು ಕಸ: ಚೌಕ, ಪ್ರಶ್ನೆಚಿಹ್ನೆ, ಮುರಿದ ಅಕ್ಷರ. ಮೊದಲ ಸಲದಂತೆ ಅದನ್ನು ಅಳಿಸಲು ಹೋದವನು ಬೆರಳು ತಡೆದ. ಬೇರೆಲ್ಲೂ ಇಲ್ಲದ ಕಸ ಇಲ್ಲೇ ಯಾಕೆ?

ಅಟ್ಟದ ಮೇಲಿನ ಹಳೇ ಕಂಪ್ಯೂಟರ್ ಇಳಿಸಿದ. ಅದು ಕೆಮ್ಮಿ ಕ್ಯಾಕರಿಸಿ ಎದ್ದಿತು. ಹಳೇ ಫಾಂಟು ಸಿಕ್ಕಿದ್ದೇ ತಡ, ಕಸವೆಲ್ಲ ಮೇಷ್ಟ್ರ ಮಾತಾಯಿತು: “ಈ ಎಂಟು ಮನೆ ಅಕ್ಕನವು. ಅವರಿಗೆ ಇಷ್ಟ ಬಂದಂತೆ ಊದಲಿ.”

ಸಾಹೇಬನ ಮುಖ ಹುಳ್ಳಗಾಯಿತು. “ತಪ್ಪು ನಂದೇ ಅಕ್ಕ. ಕಸ ಅಂತ ನಾನೇ ಗುಡಿಸಿ ಹಾಕಿದ್ದೆ.”

ಅಕ್ಕ ಬೈಯಲಿಲ್ಲ. ಎರಡು ಸಲ ಓದಿದಳು. ಸಿಟ್ಟಿಳಿದ ಜಾಗದಲ್ಲಿ ಹೆದರಿಕೆ ಬಂದು ಕೂತಿತು. “ನೀನೇ ಏನಾದ್ರೂ ಬರ್ಕೊಡೋ.”

“ನಿಂಗಿಷ್ಟ ಆಗಿದ್ದು ಊದಿದ್ರಾಯ್ತಲ್ಲ.”

“ನಂಗೇನಿಷ್ಟ ಅಂತ ಇದುವರೆಗೆ ಯಾರು ಕೇಳಿದ್ರೋ, ನಾನು ಯೋಚ್ನೆ ಮಾಡಿಟ್ಟಿರೋಕೆ?”

ತಮ್ಮನಿಗೆ ನಾಚಿಕೆಯಾಯಿತು. ಐವತ್ತು ವರ್ಷದಲ್ಲಿ ತಾನೂ ಕೇಳಿರಲಿಲ್ಲ. ಕಂಪ್ಯೂಟರ್ ಆರಿಸಿ, ಕುರ್ಚಿಯನ್ನು ಅವಳ ಕಡೆ ತಿರುಗಿಸಿ ಕೂತ.

“ಐದಕ್ಕೆ ಇನ್ನೂ ಮೂರು ಗಂಟೆ ಇದೆ. ಊದಕ್ಕ, ಕೇಳ್ತೀನಿ.”