ಒಂದೇ ಬೋರ್ಡಿನ ಚಾಚಾ

ಚಾಚಾರ ಹುಬ್ಬಿನ ಮೇಲೆ ಸದಾ ತೊಗರಿ ಹೊಟ್ಟಿನ ಧೂಳು ಕೂತಿರುತ್ತಿತ್ತು. ಎಡಗೈ ಹೆಬ್ಬೆರಳಿನ ಉಗುರು ಮಾತ್ರ ಬಿದ್ರಿ ಕೆಲಸದ ಮಣ್ಣಿಗೆ ಕಪ್ಪಾಗಿತ್ತು. ಎಷ್ಟು ಉಜ್ಜಿದರೂ ಹೋಗದ ಕಪ್ಪು. ಲಿಮಿಟೆಡ್ ಕಂಪನಿಯ ಮಾಲೀಕರು ಅಂದರೆ ಯಾರೂ ನಂಬುತ್ತಿರಲಿಲ್ಲ.

ಬೀದರಿನಲ್ಲಿ ಬಿದ್ರಿ ಕಾರ್ಖಾನೆ, ಭಾಲ್ಕಿಯಲ್ಲಿ ಬೇಳೆ ಗಿರಣಿ, ಔರಾದಿನಲ್ಲಿ ಮದುವೆಗಳಿಗೆ ಶಾಮಿಯಾನಾ. ಮೂರಕ್ಕೂ ಒಂದೇ ಕಂಪನಿ, ಒಂದೇ ಬೋರ್ಡು. ಮಳೆಗಾಲದಲ್ಲಿ ಗಿರಣಿ ನಿಂತರೆ ಹಮಾಲರು ನಮ್ಮ ಕಾರ್ಖಾನೆಗೆ ಬಂದು ಹೂದಾನಿಗಳಿಗೆ ಪಾಲಿಶ್ ಹಾಕುವರು. ಲಗ್ನದ ಹಂಗಾಮಿನಲ್ಲಿ ನಮ್ಮ ಕುಶಲಕರ್ಮಿಗಳು ಔರಾದಿಗೆ ಹೋಗಿ ಕಂಬ ನೆಡುವರು. ಪಗಾರ ಮಾತ್ರ ಯಾರದೂ ತಪ್ಪುತ್ತಿರಲಿಲ್ಲ.

ನಾನು ಜನವಾಡದಿಂದ ಬಸ್ಸಿನಲ್ಲಿ ಬಂದು ಬಿದ್ರಿಯ ಮೇಲೆ ಬಳ್ಳಿ ಕೊರೆಯುತ್ತಿದ್ದೆ. ನಮ್ಮ ಮನೆ ನಡೆಯುತ್ತಿದ್ದುದೇ ಆ ಪಗಾರದ ಮೇಲೆ. ಕೊರೊನಾ ಬಂದು ಆರ್ಡರ್ ನಿಂತಾಗ, ಇನ್ನು ಬರಬೇಡ ಅನ್ನುತ್ತಾರೆಂದುಕೊಂಡಿದ್ದೆ. ಚಾಚಾ ನಕ್ಕರು. "ಬ್ಯಾಳಿ ತಿನ್ನೋದು ಮಂದಿ ಬಿಟ್ಟಿಲ್ಲ ಬೇಟಿ, ಹೂದಾನಿ ಕೊಳ್ಳೋದು ಬಿಟ್ಟಾರ, ಅಷ್ಟ. ಗಿರಣಿ ನಿನಗ ಉಣಸ್ತದ. ಸುಮ್ನ ಕೆಲಸಾ ಮಾಡು."

ಆದರೆ ಒಂದೇ ಬೋರ್ಡಿನಿಂದ ಫಜೀತಿಯೂ ಆಗುತ್ತಿತ್ತು. ಒಮ್ಮೆ ಔರಾದಿನ ಮದುವೆ ಮನೆಯ ಮುಂದೆ ಶಾಮಿಯಾನಾದ ಬದಲು ಬೇಳೆ ಲಾರಿ ಹೋಗಿ ನಿಂತುಬಿಟ್ಟಿತು! ಎರಡೂ ಲಾರಿಗಳ ಮೇಲೆ ಅದೇ ಹೆಸರು, ಅದೇ ಬಣ್ಣ. ಡ್ರೈವರುಗಳು ಅದಲುಬದಲಾಗಿದ್ದರು, ಕಂಬ-ಪರದೆಗಳೆಲ್ಲ ಭಾಲ್ಕಿ ಗಿರಣಿ ಸೇರಿದ್ದವು. ಹೆಣ್ಣಿನ ತಂದೆ ಕೆಂಡವಾಗಿದ್ದರು. ಚಾಚಾ ಲಾರಿಯ ತಾಡಪತ್ರಿ ಬಿಚ್ಚಿಸಿ ಬೇವಿನ ಮರಕ್ಕೆ ಕಟ್ಟಿಸಿ ನೆರಳು ಮಾಡಿದರು. ಎರಡು ಚೀಲ ಬೇಳೆ ಇಳಿಸಿ ಅಡಿಗೆಯವರ ಮುಂದಿಟ್ಟರು.

"ಪರದಾ ತಡಾ ಆಗ್ತದ ಯಜಮಾನ್ರ, ಊಟಾ ತಡಾ ಆಗಂಗಿಲ್ರಿ. ಇದು ನಮ್ಮ ಕಡಿಂದ."

ನಾವು 'ಸಣ್ಣ ಸಾಹೇಬ್ರು' ಅನ್ನುತ್ತಿದ್ದ ಚಾಚಾರ ಹಿರಿಯ ಮಗನಿಗೆ ಇಷ್ಟೇ ಸಾಕಾಯಿತು. ಆಡಿಟರ್ ಅವರನ್ನು ಕಾರ್ಖಾನೆಗೇ ಕರೆತಂದ. ನಾವೆಲ್ಲ ಉಳಿ ಕೆಳಗಿಟ್ಟು ಕಿವಿಗೊಟ್ಟೆವು.

"ಮೂರೂ ಬ್ಯಾರೆ ಬ್ಯಾರೆ ಕಂಪನಿ ಮಾಡ್ರಿ," ಎಂದರು ಆಡಿಟರ್. "ನಾಳೆ ಒಂದು ಮುಳಗಿದ್ರ ಉಳಿದ ಎರಡಾದ್ರೂ ಉಳೀತಾವ."

"ಖರೇ ಅದರಿ," ಎಂದರು ಚಾಚಾ. "ಆದ್ರ ಆ ಮುಳಗೋದಕ್ಕ ಕೈ ಕೊಡೋರು ಯಾರು?"

"ಅಬ್ಬಾಜಾನ್, ಧಂದೆ ಅಂದ್ರ ಧಂದೆ," ಎಂದ ಮಗ.

"ನಕ್ಕೋ, ನಾ ಇರೋತನಕ ಬ್ಯಾಡ," ಎಂದು ಚಾಚಾ ಎದ್ದು ಹೋದರು. ಮುಳುಗುವುದು ಯಾವುದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮಗ ನಮ್ಮ ಕಡೆ ನೋಡಲಿಲ್ಲ. ಅವನನ್ನು ಬೈಯಲಾರೆ, ಲೆಕ್ಕದ ಪ್ರಕಾರ ಅವನ ಮಾತು ಸರಿಯೇ ಇತ್ತು.

ಒಂದು ಚಳಿಗಾಲ ಚಾಚಾ ಹೋದರು. ಎದೆನೋವು ಎಂದವರು ಆಸ್ಪತ್ರೆ ಮುಟ್ಟಲಿಲ್ಲ. ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಮುಗಿದದ್ದೇ ತಡ, ಕಂಪನಿ ಮೂರಾಯಿತು. ಹಮಾಲರು ಆ ಮಳೆಗಾಲ ಮನೆಯಲ್ಲೇ ಕೂತರು. ನಮ್ಮ ಕಾರ್ಖಾನೆ ದೀಪಾವಳಿವರೆಗೆ ಏದುಸಿರು ಬಿಟ್ಟು ಬಾಗಿಲು ಹಾಕಿತು. ಈಗ ನಾನು ಮನೆಯಲ್ಲೇ ಕೂತು, ಯಾರಾದರೂ ಹೇಳಿದರೆ ಕೊರೆಯುತ್ತೇನೆ. ಮಧ್ಯಾಹ್ನ ಊಟಕ್ಕೆ ಕೂತಾಗ "ಉಂಡೇನು ಬೇಟಿ?" ಅನ್ನುವ ದನಿ ಬೇಕೆನಿಸುತ್ತದೆ. ಬಹಳ ಬೇಕೆನಿಸುತ್ತದೆ.

ವರ್ಷದ ಫಾತಿಹಾಕ್ಕೆ ಬೀದರಿಗೆ ಹೋಗಿದ್ದೆ. ಚಾಚಾರ ಮನೆ ಮುಂದೆ ಔರಾದಿನ ಶಾಮಿಯಾನಾ ಎದ್ದಿತ್ತು. ಅದರ ಹಳೆಯ ಮೇಸ್ತ್ರಿ ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದ.

"ಅಕ್ಕೋರ, ಇದರ ಬಿಲ್ ಯಾವ ಕಂಪನಿ ಹೆಸರಿಗಿ ಹರೀಲ್ರಿ? ಬಿಲ್ ಇಲ್ದ ಎಲ್ಲೂ ಕಂಬ ನೆಡಬ್ಯಾಡ ಅಂದಾರ ಸಣ್ಣ ಸಾಹೇಬ್ರು. ಇವತ್ತಿನ ದಿನಾ ಅವರಿಗಿ ಹ್ಯಾಂಗ ಕೇಳ್ಲಿ?"

"ನನ್ನ ಹೆಸರಿಗಿ ಬರೀರಿ," ಎಂದೆ.

ಅವನು ಪೆನ್ನು ತೆಗೆದ. ಬರೆಯಲಿಲ್ಲ. ಅಲ್ಲೇ ಕಂಬಕ್ಕೆ ಒರಗಿ ಅತ್ತುಬಿಟ್ಟ.

"ಅರ್ಧಾ ನನ್ನ ಹೆಸರಿಗಿ ಇರ್ಲಿರಿ, ಅಕ್ಕೋರ," ಎಂದ.