ಚಪ್ಪಲಿ ಎಣಿಸುವ ರಾಚಣ್ಣ

ಇಳಕಲ್ಲಿನ ನಮ್ಮ ಸೀರೆ ನೇಯುವ ಶೆಡ್ಡಿನ ಕಾವಲುಗಾರ ರಾಚಣ್ಣನಿಗೆ ಓದುಬರಹ ಬರುತ್ತಿತ್ತು. ಆದರೆ ಹಾಜರಿ ಪುಸ್ತಕದ ಮೇಲೆ ನಂಬಿಕೆ ಇರಲಿಲ್ಲ. “ಸಹಿ ಸುಳ್ಳು ಹೇಳತೈತಿ ಚಂದವ್ವಾ, ಚಪ್ಪಲಿ ಹೇಳಂಗಿಲ್ಲ,” ಎಂದು ನನಗೆ ಹೇಳುತ್ತಿದ್ದ. ಮಗ್ಗ ನಮಗೆ ದೇವರು. ಚಪ್ಪಲಿ ಮೆಟ್ಟಿಕೊಂಡು ಯಾರೂ ಒಳಗೆ ಕಾಲಿಡುವುದಿಲ್ಲ. ಹಾಗಾಗಿ ಬಾಗಿಲ ಬಳಿಯ ಹಲಗೆಯ ಮೇಲೆ ಎಷ್ಟು ಜೋಡಿಯೋ ಒಳಗೆ ಅಷ್ಟು ಜನ. ಸಂಜೆ ಹಲಗೆ ಖಾಲಿಯಾದರೆ ಶಟರ್ ಎಳೆದು ಬೀಗ ಹಾಕುತ್ತಿದ್ದ. ಹನ್ನೊಂದು ವರ್ಷ ಈ ಲೆಕ್ಕ ತಪ್ಪಿರಲಿಲ್ಲ.

ಅವನೂ ಮೊದಲು ನೇಕಾರನೇ. ನೆಲದ ಕುಣಿಗೆ ಕಾಲು ಇಳಿಬಿಟ್ಟು ಕುಣಿಮಗ್ಗದಲ್ಲಿ ಕೂತು ಕೂತು ಮೊಣಕಾಲು ಹೋದ ಮೇಲೆ ಬಾಗಿಲಿಗೆ ಬಂದ. ಹೆಂಡತಿ ತೀರಿಕೊಂಡಿದ್ದಳು. ಬಾಗಲಕೋಟೆಯಲ್ಲಿರುವ ಮಗಳು ಮಹಾನಂದಾ, ಆಕೆಯ ಆರು ವರ್ಷದ ಕೂಸು ಶೀಲಾ, ಅಷ್ಟೇ ಅವನ ಬಳಗ. ನಮ್ಮ ಚೀಲಗಳನ್ನು ತಪಾಸಣೆ ಮಾಡುವಾಗಲೂ ತಾನೇ ಕದ್ದವನ ಹಾಗೆ ನಾಚಿಕೊಳ್ಳುತ್ತಿದ್ದ.

ಒಮ್ಮೆ ಹಿಂದಿನ ಬಾಗಿಲಿನಿಂದ ರೇಷ್ಮೆ ಕಳುವಾಯಿತು. ಮಾಲೀಕರು ಆ ಬಾಗಿಲಿಗೆ ಹೊರಗಿನಿಂದ ದೊಡ್ಡ ಬೀಗ ಜಡಿಸಿ ಕೀಲಿಯನ್ನು ರಾಚಣ್ಣನ ಕೈಗೆ ಕೊಟ್ಟರು. ನನ್ನದು ಸುಮ್ಮನಿರುವ ಬಾಯಲ್ಲ. “ಕಳ್ಳ ಒಳಗ ಬರಬಾರದಂತ ಬೀಗ ಹಾಕಿದ್ರಿ ಖರೆ, ಒಳಗಿನವ್ರು ಓಡೋ ಹೊತ್ತು ಬಂದ್ರ ಎಲ್ಲಿಂದ ಓಡಬೇಕ್ರಿ?” ಎಂದು ಕೇಳಿಯೇಬಿಟ್ಟೆ. “ನೀ ಸೀರಿ ಮಡಚವ್ವಾ,” ಎಂದು ನಕ್ಕರು. ನಮ್ಮಲ್ಲಿ ನೂಲು ಕಾಯುವ ಬುದ್ಧಿಗೆ ಕೊರತೆಯಿರಲಿಲ್ಲ, ಜನ ಕಾಯುವ ಬುದ್ಧಿಯೇ ಇರಲಿಲ್ಲ. ಆಮೇಲೆ ನಾನೂ ಸೀರೆ ಮಡಚುತ್ತ ಕೂತೆ.

ಹೋದ ವರ್ಷ ಶೀಲಾಳಿಗೆ ಡೆಂಗಿ ಬಂದು ಬಾಗಲಕೋಟೆಯ ದವಾಖಾನೆಗೆ ಸೇರಿಸಿದರು. ಆ ಸೋಮವಾರ ಬೆಳಿಗ್ಗೆ ನಮ್ಮ ಅಂಬವ್ವ ಬರಿಗಾಲಿನಲ್ಲಿ ಕೆಲಸಕ್ಕೆ ಬಂದಳು. ಲಾಳಿಯೊಳಗಿನ ಕಂಡಕಿಗೆ ನೂಲು ಸುತ್ತುವವಳು ಅವಳು. ಮೂವತ್ತು ವರ್ಷ ಮಗ್ಗದ ಸದ್ದು ಕೇಳಿ ಕಿವಿ ಮಂದವಾಗಿತ್ತು. ಯಾಕೆ ಬರಿಗಾಲು ಎಂದು ಪೀಡಿಸಿದ್ದಕ್ಕೆ ನನ್ನ ಕಿವಿಗೆ ಬಾಯಿ ಹಚ್ಚಿ ಹೇಳಿದಳು: “ರಾಚಣ್ಣನ ಮೊಮ್ಮಗಳು ಎದ್ದು ಮನಿಗೆ ಬರೋತನಕ ಚಪ್ಪಲಿ ಮೆಟ್ಟಂಗಿಲ್ಲಂತ ಬನಶಂಕರಿಗೆ ಬೇಡಿಕೊಂಡೇನಿ. ಹರಕಿ ಹೊರಗ ಬಿದ್ರ ಫಲಾ ಕೊಡಂಗಿಲ್ಲ. ಅವಗ ಹೇಳಬ್ಯಾಡ.”

ಜೀವನದಲ್ಲಿ ಅದೊಂದು ಮಾತನ್ನು ನಾನು ಹೊಟ್ಟೆಯಲ್ಲಿ ಇಟ್ಟುಕೊಂಡೆ. ಇಟ್ಟುಕೊಳ್ಳಬಾರದಿತ್ತು.

ಸಂಜೆ ಕೆಲಸ ಬಿಡುವ ಹೊತ್ತಿಗೆ ಮಹಾನಂದಾಳ ಫೋನು ಬಂತು. ಕೂಸಿಗೆ ಭಾಳ ಆಗೇತಿ, ಲಗೂನ ಬಾ ಎಂದಳಂತೆ. ರಾಚಣ್ಣ ತಪಾಸಣೆ ಬಿಟ್ಟು “ನಡೀರಿ, ನಡೀರಿ” ಎಂದು ನಮ್ಮನ್ನೆಲ್ಲ ಹೊರಡಿಸಿದ. ಉಳಿದ ನೂಲನ್ನು ಹಿಂದಿನ ಕೋಣೆಯಲ್ಲಿ ಇಡಲು ಹೊರಟಿದ್ದ ಅಂಬವ್ವ “ನೀ ಮುಂದ ನಡಿ, ಬಂದೆ” ಎಂದು ನನಗೆ ಕೈ ಮಾಡಿದಳು. ನಾನು ನಡೆದೆ. ರಾಚಣ್ಣ ಹಲಗೆ ನೋಡಿದ. ಒಂದು ಚಪ್ಪಲಿಯೂ ಇರಲಿಲ್ಲ. ಶಟರ್ ಎಳೆದು, ಎರಡೂ ಕೀಲಿ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದ.

ಶಟರಿನ ಸದ್ದು ಅಂಬವ್ವನಿಗೆ ಕೇಳಿಸಿರಲಿಕ್ಕಿಲ್ಲ. ಅರ್ಧ ತಾಸಿನೊಳಗೆ ಯಾವುದೋ ಹಳೆಯ ವೈರು ಕಿಡಿ ಕಾರಿ ನೂಲಿಗೆ ಬೆಂಕಿ ಹತ್ತಿತು. ಓಣಿಯವರು ಹಾರೆ ತಂದು ಶಟರ್ ಎಬ್ಬಿಸುವಷ್ಟರಲ್ಲಿ ಹೊಗೆ ತನ್ನ ಕೆಲಸ ಮುಗಿಸಿತ್ತು. ಅಂಬವ್ವ ಹಿಂದಿನ ಬಾಗಿಲಿಗೆ ಆತು ಕೂತಿದ್ದಳು. ಬಡಿದು ಬಡಿದು ಅಂಗೈ ಒಡೆದಿದ್ದವು.

ಠಾಣೆಯಲ್ಲಿ ರಾಚಣ್ಣ ಒಂದೇ ಮಾತು ಹೇಳಿದನಂತೆ. “ಚಪ್ಪಲಿ ಇರಲಿಲ್ರಿ ಸಾಹೇಬ್ರ.”

ಶೀಲಾ ಎದ್ದು ಮನೆಗೆ ಬಂದಳು. ಶೆಡ್ಡಿಗೆ ಈಗ ಒಳಗಿನಿಂದಲೇ ತೆಗೆಯುವ ಹಿಂದಿನ ಬಾಗಿಲು ಬಂದಿದೆ. ಗಂಟೆ, ಮರಳಿನ ಬಕೆಟ್ಟು, ಹೆಸರು ಕೂಗುವ ಪಟ್ಟಿ ಎಲ್ಲ ಬಂದಿವೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವುದು ಇದಕ್ಕೇ. ಕೇಸು ಇನ್ನೂ ನಡೆದಿದೆ. ಮಾಲೀಕರು ರಾಚಣ್ಣನನ್ನು ಕೆಲಸದಿಂದ ತೆಗೆಯಲಿಲ್ಲ. ಬೀಗ ಜಡಿಸಿದ್ದು ತಾವೇ ಎಂಬುದು ಅವರಿಗೂ ನೆನಪಿತ್ತು.

ಕೆಲಸಕ್ಕೆ ಮರಳಿದ ದಿನ ರಾಚಣ್ಣ ನನ್ನ ಮುಂದೆ ಬಂದು ನಿಂತ. “ಖರೆ ಹೇಳು ಚಂದವ್ವಾ. ಅಕಿ ಯಾಕ ಬರಿಗಾಲಲೆ ಬಂದಿದ್ಲು?”

ಅವನ ಹಿಂದೆ, ಬಾಗಲಕೋಟೆಯಿಂದ ಅಜ್ಜನ ಜೊತೆ ಬಂದಿದ್ದ ಶೀಲಾ ಹಲಗೆಯ ಮೇಲೆ ಕೂತು ಕಾಲು ಆಡಿಸುತ್ತಿದ್ದಳು.

“ಚಪ್ಪಲಿ ಹರಿದಿತ್ತು, ರಾಚಣ್ಣ,” ಎಂದೆ.

“ನನಗ ಹೇಳಿದ್ರ ಹೊಸಾವು ತಂದು ಕೊಡತಿದ್ದೆ,” ಎಂದು ಅತ್ತ. ಆದರೂ ನಿಜ ಹೇಳಲಿಲ್ಲ. ಆ ಕೂಸನ್ನು ನೋಡುತ್ತ ಅವನು ಬದುಕಬೇಕಲ್ಲ.

ಮರುದಿನ ಹಲಗೆಯ ಮೇಲೆ ಹೆಂಗಸರ ಹೊಸ ಚಪ್ಪಲಿ ಒಂದು ಜೋಡಿ ಇತ್ತು. ಅದು ಈಗಲೂ ಅಲ್ಲೇ ಇದೆ, ಯಾರೂ ಮುಟ್ಟುವುದಿಲ್ಲ. ಸಂಜೆ ನಾವೆಲ್ಲ ಹೊರಬಿದ್ದು, ಪಟ್ಟಿಯಲ್ಲಿ ಹೆಸರು ಮುಗಿದರೂ ಹಲಗೆ ಖಾಲಿಯಾಗುವುದಿಲ್ಲ. ಆಗ ರಾಚಣ್ಣ ಮೊಣಕಾಲು ಹಿಡಿದುಕೊಂಡು ಒಳಗೆ ಹೋಗುತ್ತಾನೆ. ಮಗ್ಗದ ಸಾಲು, ನೂಲಿನ ಕೋಣೆ, ಹಿಂದಿನ ಬಾಗಿಲು, ಎಲ್ಲ ಕಡೆ ನಿಂತು, ಮಂದ ಕಿವಿಗೆ ಕೇಳುವಷ್ಟು ದೊಡ್ಡದಾಗಿ ಕೂಗುತ್ತಾನೆ: “ಅಂಬವ್ವಾ, ಒಳಗ ಅದಿ ಏನವಾ?”

ಅವನು ಹೊರಗೆ ಬಂದು ಬೀಗ ಹಾಕುವ ತನಕ ನಾನು ಮನೆಗೆ ಹೋಗುವುದಿಲ್ಲ.